ಭಯದ ರುಚಿ

ಮನುಷ್ಯನು ಭಯವನ್ನು ಬಯಸುವ ಪ್ರಾಣಿಯಲ್ಲ. ಕತ್ತಲೆಯ ದಾರಿಯಲ್ಲಿ ಹಿಂದಿನಿಂದ ಹೆಜ್ಜೆಯ ಸಪ್ಪಳವು ಕೇಳಿಬಂದರೆ ನಾವೆಲ್ಲರೂ ನಡಿಗೆಯನ್ನು ಚುರುಕುಗೊಳಿಸುತ್ತೇವೆ. ಅಲ್ಲಿಯೇ ನಿಂತು ಆ ಸಪ್ಪಳದ ಸೊಗಸನ್ನು ಸವಿಯುವವರು ಯಾರೂ ಇಲ್ಲ. ಆದರೆ ಅದೇ ಸಪ್ಪಳವು ಚಿತ್ರಪಟದ ತೆರೆಯೊಳಗಿಂದ ಕೇಳಿಬಂದಾಗ ಹಣ ತೆತ್ತು, ಹೆಂಡಿರುಮಕ್ಕಳನ್ನು ಕೂಡಿಕೊಂಡು ಹೋಗಿ, ಮೈನವಿರೇಳಿಸಿಕೊಂಡು, ಸಂತೋಷದಿಂದ ಮನೆಗೆ ಮರಳುತ್ತೇವೆ. ನಿಜವಾದ ಭಯದಿಂದ ಓಡುವ ಮನಸ್ಸು ಕಲ್ಪಿತ ಭಯದ ಕಡೆಗೆ ಓಡಿಹೋಗುವುದೇತಕ್ಕೆ? ಈ ಸುಖವು ವಿವೇಕಿಗೆ ಒಪ್ಪತಕ್ಕದ್ದೋ, ಅಥವಾ ಮನಸ್ಸಿನ ಒಂದು ದುರಭ್ಯಾಸವೋ? ಹಳೆಯ ಕಾಲದ ವಿಚಿತ್ರ ಹಾಗೂ ಭಯಾನಕ ಚಿತ್ರಪಟಗಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಕೊಂಚ ವಿಚಾರಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ನಮ್ಮ ಸುಶಿಕ್ಷಿತ ಮನೆತನಗಳಲ್ಲಿ ಈ ವಿಷಯವಾಗಿ ಎರಡು ಪಕ್ಷಗಳಿರುತ್ತವೆ. ಹಿರಿಯರ ಪಕ್ಷವು, ದೆವ್ವಭೂತಗಳ ಚಿತ್ರಗಳು ಹುಡುಗರ ಮನಸ್ಸನ್ನು ಕೆಡಿಸುತ್ತವೆ, ಅವುಗಳ ಗೊಡವೆಯೇ ಬೇಡ ಎನ್ನುತ್ತದೆ. ಕಿರಿಯರ ಪಕ್ಷವು, ಆ ಹಳೆಯ ಕರಿಬಿಳಿ ಚಿತ್ರಗಳಲ್ಲಿ ಹೆದರತಕ್ಕದ್ದಾದರೂ ಏನಿದೆ, ಅವು ನಗುವುದಕ್ಕೆ ಮಾತ್ರ ಯೋಗ್ಯವಾದವು ಎನ್ನುತ್ತದೆ. ಒಬ್ಬರಿಗೆ ಅದು ವಿಷ, ಮತ್ತೊಬ್ಬರಿಗೆ ಸಪ್ಪೆ. ವಿಷವೂ ಸಪ್ಪೆಯೂ ಒಂದೇ ಪದಾರ್ಥದ ಗುಣಗಳಾಗಿರಲಾರವು. ಆದುದರಿಂದ ಎರಡೂ ಪಕ್ಷಗಳನ್ನು ಬೇರೆಬೇರೆಯಾಗಿ ಪರೀಕ್ಷಿಸುವುದು ಅವಶ್ಯ.

ಮೊದಲು ಹಿರಿಯರ ಆಕ್ಷೇಪವನ್ನು ತೆಗೆದುಕೊಳ್ಳೋಣ. ಏಕೆಂದರೆ ಅದರಲ್ಲಿ ತೂಕವಿದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ನಮ್ಮ ಸೀಮೆಯಲ್ಲಾಗಲಿ, ನಾಡಿನ ಬೇರೆ ಕಡೆಗಳಲ್ಲಾಗಲಿ, ಭೂತದ ಭಯವು ಬರಿಯ ಆಟದ ಸಾಮಗ್ರಿಯಲ್ಲ. ಹೆಣ್ಣುಮಗಳೊಬ್ಬಳು ದಿನಗಟ್ಟಲೆ ಮಾತುಬಿಟ್ಟು ಕುಳಿತರೆ, ಅಥವಾ ಅಕಾರಣವಾಗಿ ಅತ್ತರೆ, ಅವಳಿಗೆ ಗಾಳಿ ಬಡಿದಿದೆಯೆಂದು ವೈದ್ಯನಿಗಿಂತ ಮೊದಲು ಮಂತ್ರವಾದಿಯನ್ನು ಕರೆಸುವ ಮನೆಗಳು ಇನ್ನೂ ಉಂಟು. ದೆವ್ವವನ್ನು ಬಿಡಿಸುವ ನೆವದಿಂದ ಬೀಳುವ ಪೆಟ್ಟು ದೆವ್ವಕ್ಕೆ ತಾಗುವುದಿಲ್ಲ. ಆ ಹೆಣ್ಣುಮಗಳ ಬೆನ್ನಿಗೆ ತಾಗುತ್ತದೆ. ಇಂಥ ಕ್ರೌರ್ಯವನ್ನು ತಡೆಯುವುದಕ್ಕಾಗಿಯೇ ಕರ್ನಾಟಕದಲ್ಲಿ ಅಮಾನವೀಯ ದುಷ್ಟ ಪದ್ಧತಿಗಳನ್ನೂ ವಾಮಾಚಾರವನ್ನೂ ನಿಷೇಧಿಸುವ ೨೦೧೭ರ ಅಧಿನಿಯಮವು ೨೦೨೦ರಲ್ಲಿ ಜಾರಿಗೆ ಬಂದಿತು. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು ಹನ್ನೆರಡನೆಯ ಶತಮಾನದಲ್ಲಿಯೇ, ಅಂಜಿಕೆಯಿಂದ ಕಿರುದೈವಗಳಿಗೆ ಮೊರೆಹೋಗುವ ಮನಸ್ಸನ್ನು ತಮ್ಮ ವಚನಗಳಲ್ಲಿ ಕಟುವಾಗಿ ಹಳಿದಿದ್ದರು. ಅದೇ ಜಿಲ್ಲೆಯ ಸಿಂದಗಿ ತಾಲೂಕಿನವರಾದ ಸಂಶೋಧಕ ಎಂ. ಎಂ. ಕಲಬುರ್ಗಿಯವರು ಮೂಢನಂಬಿಕೆಗಳನ್ನು ಕುರಿತು ನಿರ್ಭಿಡೆಯಿಂದ ಮಾತನಾಡಿದವರು. ೨೦೧೫ರ ಆಗಸ್ಟ್ ೩೦ರಂದು ಧಾರವಾಡದ ತಮ್ಮ ಮನೆಯಲ್ಲಿಯೇ ಅವರು ಗುಂಡಿಗೆ ಬಲಿಯಾದರು. ಇಂಥ ನಾಡಿನಲ್ಲಿ ಕುಳಿತು ಭೂತದ ಚಿತ್ರಗಳನ್ನು ಮೆಚ್ಚಿ ಬರೆಯುವವನು ಮೊದಲು ಒಂದು ಮಾತಿಗೆ ಉತ್ತರ ಕೊಡಬೇಕಾಗುತ್ತದೆ: ನಾವು ತೆರೆಯ ಮುಂದೆ ಚಪ್ಪರಿಸುವ ಭಯವೇ ನೆರೆಮನೆಯಲ್ಲಿ ಬೆತ್ತವಾಗುತ್ತಿಲ್ಲವೆ?

ಈ ಆಕ್ಷೇಪಕ್ಕೆ ಉತ್ತರವನ್ನು ನಮ್ಮ ಸಾಹಿತ್ಯದಲ್ಲಿಯೇ ಹುಡುಕಬಹುದು. ಭಯಾನಕವು ಪರದೇಶದಿಂದ ಚಿತ್ರಪಟದ ಸುರುಳಿಯಲ್ಲಿ ಬಂದ ಹೊಸ ಸರಕಲ್ಲ. ಮುಧೋಳದ ರನ್ನನು ಹತ್ತನೆಯ ಶತಮಾನದ ಕೊನೆಯ ಹೊತ್ತಿಗೆ ರಚಿಸಿದ ಗದಾಯುದ್ಧದಲ್ಲಿ ದುರ್ಯೋಧನನು ಹೆಣಗಳ ನಡುವೆ ಎಡವುತ್ತ ಕುರುಕ್ಷೇತ್ರವನ್ನು ದಾಟುವ ಭಾಗವನ್ನು ವಾಚಕರು ನೆನೆಯಬೇಕು. ಅಲ್ಲಿ ರಣದ ಮರುಳುಗಳು ಆ ಚಕ್ರವರ್ತಿಯನ್ನು ಮೂದಲಿಸುತ್ತವೆ. ಆದರೆ ಆ ಭೀಕರ ಭೂಮಿಯಲ್ಲಿಯೇ ಅವನು ದ್ರೋಣನ, ದುಶ್ಶಾಸನನ, ಕರ್ಣನ ಕಳೇಬರಗಳನ್ನು ಕಂಡು ಮರುಗುತ್ತಾನೆ. ಶತ್ರುವಿನ ಮಗನಾದ ಅಭಿಮನ್ಯುವನ್ನೂ ಕೊಂಡಾಡುತ್ತಾನೆ. ಭಯವು ಕರುಣೆಗೆ ಬಾಗಿಲಾಗುವುದೆಂದರೆ ಹೀಗೆ. ೧೨೦೯ರಲ್ಲಿ ಜನ್ನನು ರಚಿಸಿದ ಯಶೋಧರಚರಿತೆಯಂತೂ ಚಂಡಮಾರಿಯ ಗುಡಿಯಲ್ಲಿ, ನರಬಲಿಯ ಸಿದ್ಧತೆಯ ನಡುವೆ ನಡೆಯುವ ಕಥೆ. ಹಿಟ್ಟಿನ ಕೋಳಿಯನ್ನು ಕೊಂದ ಸಂಕಲ್ಪಮಾತ್ರದಿಂದ ತಾಯಿಮಕ್ಕಳು ಜನ್ಮಜನ್ಮಾಂತರ ತೊಳಲುವ ವೃತ್ತಾಂತವನ್ನು ಕೇಳಿ, ಕೊಲ್ಲಲು ನಿಂತ ಅರಸನೇ ಕೊಲೆಯನ್ನು ಬಿಡುತ್ತಾನೆ. ಈ ಕಾವ್ಯಗಳನ್ನು ಓದಿ ಯಾರೂ ಕ್ರೂರರಾಗಲಿಲ್ಲ. ಆದುದರಿಂದ ಭಯಾನಕವೆಂಬ ಕಾರಣದಿಂದಲೇ ಒಂದು ಕೃತಿಯನ್ನು ತಳ್ಳಿಹಾಕುವುದು ನ್ಯಾಯವಲ್ಲ. ಅದರಲ್ಲಿಯ ಭಯವು ಎಂಥದು, ಅದು ನಮ್ಮನ್ನು ಎಲ್ಲಿಗೆ ಒಯ್ಯುತ್ತದೆ ಎಂಬುದನ್ನು ಕೇಳಬೇಕು.

ನಾಟ್ಯಶಾಸ್ತ್ರವು ಎಂಟು ರಸಗಳಲ್ಲಿ ಭಯಾನಕಕ್ಕೂ ಸ್ಥಾನವನ್ನಿತ್ತಿದೆ. ಅದರ ಬಣ್ಣ ಕಪ್ಪು, ಅಧಿದೇವತೆ ಕಾಲ. ವಿಕಾರವಾದ ಧ್ವನಿ, ನರಿ ಗೂಗೆಗಳ ಕೂಗು, ಪಾಳುಮನೆ, ಅರಣ್ಯ ಮೊದಲಾದವು ಅದರ ವಿಭಾವಗಳೆಂದು ಭರತನು ಹೇಳುತ್ತಾನೆ. ಇಪ್ಪತ್ತನೆಯ ಶತಮಾನದ ಚಿತ್ರಕಾರರು ಈ ಪಟ್ಟಿಗೆ ಹೆಚ್ಚಾಗಿ ಏನನ್ನೂ ಸೇರಿಸಲಿಲ್ಲವೆಂಬುದು ವಿನೋದದ ಸಂಗತಿ. ಅಭಿನವಗುಪ್ತನು ಈ ರಸಕ್ಕೆ ಕೊಡುವ ನಿದರ್ಶನವು ಶಾಕುಂತಲದಲ್ಲಿ ದುಷ್ಯಂತನ ಬಾಣಕ್ಕೆ ಅಂಜಿ ಓಡುವ ಜಿಂಕೆಯದು. ಆ ಜಿಂಕೆಯ ಭಯವನ್ನು ನೋಡುವಾಗ ಸಹೃದಯನಿಗೆ ‘ನಾನು ಅಂಜಿದೆನು’, ‘ಇವನು ನನ್ನ ಶತ್ರು’ ಎಂಬ ಭಾವನೆಗಳಿರುವುದಿಲ್ಲ. ಇಂದು, ಇಲ್ಲಿ, ನನಗೆ ಎಂಬ ಕಟ್ಟುಗಳು ಕಳಚಿದ ಭಯ ಮಾತ್ರ ಉಳಿಯುತ್ತದೆ, ಅದೇ ಆಸ್ವಾದ್ಯವಾಗುತ್ತದೆ ಎಂಬುದು ಆತನ ವಿವರಣೆ. ಹಿರಿಯರ ಆಕ್ಷೇಪಕ್ಕೆ ಅಳತೆಗೋಲು ಇಲ್ಲಿ ದೊರೆಯುತ್ತದೆ. ಮಂತ್ರವಾದಿಯ ಮುಂದೆ ಕುಳಿತ ಮನೆಯವರ ಭಯದಲ್ಲಿ ‘ನನಗೆ’, ‘ನನ್ನವರಿಗೆ’ ಎಂಬ ಕಟ್ಟುಗಳು ಬಿಗಿಯಾಗಿರುತ್ತವೆ. ಆದುದರಿಂದ ಅದು ಕೈಯಲ್ಲಿ ಬೆತ್ತವನ್ನು ಕೊಡುತ್ತದೆ. ಸಹೃದಯನ ಭಯವು ಕೈಕಟ್ಟಿ ಕುಳಿತು ನೋಡುವ ಭಯ. ಎರಡನೆಯದನ್ನು ಚೆನ್ನಾಗಿ ಅಭ್ಯಾಸ ಮಾಡಿದವನಿಗೆ ಮೊದಲನೆಯದರ ಮುಖವು ಬೇಗನೆ ಗುರುತು ಸಿಗುತ್ತದೆ.

ಭರತನು ಭಯಾನಕದಲ್ಲಿ ಮತ್ತೆ ಮೂರು ಬಗೆಗಳನ್ನು ಹೇಳಿದ್ದಾನೆ: ನಟನೆಯಿಂದ ಹುಟ್ಟಿದ್ದು, ಅಪರಾಧದಿಂದ ಹುಟ್ಟಿದ್ದು, ಅಂಜುಬುರುಕ ಸ್ವಭಾವದಿಂದ ಹುಟ್ಟಿದ್ದು. ಈ ಮೂರಕ್ಕೂ ನಮ್ಮ ದೇಶದ ಹಳೆಯ ಚಿತ್ರಗಳಲ್ಲಿ ನಿದರ್ಶನಗಳು ದೊರೆಯುತ್ತವೆ.

ಮೊದಲನೆಯದಕ್ಕೆ ೧೯೪೯ರಲ್ಲಿ ಬಾಂಬೆ ಟಾಕೀಜಿನವರು ಹೊರತಂದ, ಕಮಾಲ್ ಅಮ್ರೋಹಿಯವರ ಹಿಂದೀ ಬೋಲಪಟ ‘ಮಹಲ್’. ಪಾಳುಬಿದ್ದ ಮಹಾಲಿನಲ್ಲಿ ಹಾಡು ಕೇಳಿಬರುತ್ತದೆ, ಉಯ್ಯಾಲೆಯ ಮೇಲೆ ಒಬ್ಬ ತರುಣಿ ಕಾಣಿಸುತ್ತಾಳೆ, ಹಿಡಿಯಹೋದರೆ ಮಾಯವಾಗುತ್ತಾಳೆ. ನಾಯಕನು ಅವಳನ್ನು ತನ್ನ ಹಿಂದಿನ ಜನ್ಮದ ಪ್ರಿಯೆಯೆಂದು ನಂಬುತ್ತಾನೆ. ಕೊನೆಗೆ ತಿಳಿಯುವ ಸಂಗತಿಯೆಂದರೆ, ಆ ಚಿತ್ರದಲ್ಲಿ ಪ್ರೇತವೇ ಇಲ್ಲ. ಕಾಡಿದವಳು ತೋಟಗಾರನ ಮಗಳು. ಆದರೆ ಸುಳ್ಳು ಪ್ರೇತದ ಬೆನ್ನು ಹತ್ತಿದ ಆ ಗೃಹಸ್ಥನು ಕೈಹಿಡಿದ ಹೆಂಡತಿಯ ಮುಖವನ್ನು ಕಣ್ಣೆತ್ತಿ ನೋಡುವುದಿಲ್ಲ. ಅವಳು ನೊಂದು ನೊಂದು ವಿಷ ಕುಡಿದು ಸಾಯುತ್ತಾಳೆ. ಭೂತವು ಸುಳ್ಳಾದರೂ ಅದರಿಂದಾದ ಸಾವು ಸುಳ್ಳಲ್ಲ. ಮೂಢನಂಬಿಕೆಯನ್ನು ಖಂಡಿಸುವ ಉಪನ್ಯಾಸಗಳು ಈ ಮಾತನ್ನು ಇಷ್ಟು ನಾಟುವಂತೆ ಹೇಳಲಾರವು. ಏಕೆಂದರೆ ಇಲ್ಲಿ ನಾವೂ ನಾಯಕನೊಡನೆ ಆ ಹಾಡಿಗೆ ಮರುಳಾಗಿರುತ್ತೇವೆ, ಹೆಂಡತಿಯನ್ನು ಮರೆತವರಲ್ಲಿ ನಾವೂ ಪಾಲುಗಾರರಾಗಿರುತ್ತೇವೆ.

ಎರಡನೆಯದಕ್ಕೆ ಬಿಮಲ್ ರಾಯರ ‘ಮಧುಮತಿ’ (೧೯೫೮). ಋತ್ವಿಕ್ ಘಟಕರು ಬರೆದ ಈ ಕಥೆಯಲ್ಲಿ, ಗುಡ್ಡಗಾಡಿನ ಹುಡುಗಿಯೊಬ್ಬಳ ಸಾವಿಗೆ ಕಾರಣನಾದ ಸಿರಿವಂತ ಉಗ್ರನಾರಾಯಣನ ಬಾಯಿಂದ ನಿಜವನ್ನು ಹೊರಡಿಸಲು, ಸತ್ತವಳನ್ನೇ ಹೋಲುವ ಮತ್ತೊಬ್ಬಳನ್ನು ಅವನೆದುರು ನಿಲ್ಲಿಸುವ ಹೂಟವನ್ನು ಹೂಡುತ್ತಾರೆ. ಆದರೆ ಅವನೆದುರು ನಿಂತು ಪ್ರಶ್ನೆ ಕೇಳಿದವಳು ಆ ಹೋಲಿಕೆಯವಳಲ್ಲ, ಸತ್ತವಳೇ ಎಂಬುದು ಅನಂತರ ತಿಳಿಯುತ್ತದೆ. ಇಲ್ಲಿ ಪ್ರೇತವು ಯಾರನ್ನು ಹೆದರಿಸುತ್ತದೆ? ಅಪರಾಧಿಯನ್ನು. ನ್ಯಾಯಾಸನದವರೆಗೆ ಮುಟ್ಟಲಾರದ ಬಡವಳ ಮೊರೆಯು ಪ್ರೇತರೂಪದಿಂದ ಬಂದು ಅವನ ಬಾಗಿಲನ್ನು ತಟ್ಟುತ್ತದೆ. ಇಂಥ ಕಥೆಗಳನ್ನು ಮೆಚ್ಚುವವರು ಪ್ರೇತವನ್ನು ನಂಬಬೇಕಾಗಿಲ್ಲ. ಮುಚ್ಚಿಟ್ಟ ಪಾಪವು ಮುಚ್ಚಿಟ್ಟಂತೆಯೇ ಇರಲಾರದೆಂಬ ಮಾತನ್ನು ನಂಬಿದರೆ ಸಾಕು.

ಮೂರನೆಯದಕ್ಕೆ ನಮ್ಮ ಕನ್ನಡದ ‘ಕಾಡು’ (೧೯೭೩). ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿಯನ್ನು ಆಧರಿಸಿ ಗಿರೀಶ ಕಾರ್ನಾಡರು ನಿರ್ದೇಶಿಸಿದ ಈ ಚಿತ್ರವನ್ನು ಭಯಾನಕ ಚಿತ್ರಗಳ ಸಾಲಿಗೆ ಯಾರೂ ಸೇರಿಸುವುದಿಲ್ಲ. ಆದರೂ ಹೆಸರು ಹಿಡಿದು ಕರೆದು, ಓಗೊಟ್ಟವರನ್ನು ಕೊಲ್ಲುವ ಹಕ್ಕಿಯೊಂದು ಕಾಡಿನಲ್ಲಿದೆಯೆಂದು ನಂಬಿದ ಬಾಲಕ ಕಿಟ್ಟಿಯ ಅಂಜಿಕೆಯು ಚಿತ್ರದುದ್ದಕ್ಕೂ ಉಸಿರಿನಂತೆ ಆಡುತ್ತದೆ. ಹುಡುಗನು ಹಕ್ಕಿಗೆ ಅಂಜುತ್ತಾನೆ. ಆದರೆ ಅವನ ಕಣ್ಣೆದುರಿಗೆ ರಕ್ತವನ್ನು ಹರಿಸುವವರು ಎರಡು ಹಳ್ಳಿಗಳ ಹಗೆಯಲ್ಲಿ ಬಿದ್ದ ದೊಡ್ಡವರು. ಮಕ್ಕಳ ಅಂಜಿಕೆಯನ್ನು ನಗುವ ನಾವು, ಅವರಿಗೆ ಅಂಜಲು ಎಷ್ಟು ನಿಜವಾದ ಕಾರಣಗಳನ್ನು ಒದಗಿಸಿದ್ದೇವೆಂಬುದನ್ನು ಆ ಚಿತ್ರವು ಸದ್ದಿಲ್ಲದೆ ಕೇಳುತ್ತದೆ.

ಇನ್ನು ಪಾಶ್ಚಾತ್ಯರ ಒಂದು ಕೃತಿಯನ್ನು ನೋಡೋಣ. ಮೇರಿ ಶೆಲ್ಲಿಯ ೧೮೧೮ರ ಕಾದಂಬರಿಯಿಂದ ಜೇಮ್ಸ್ ವ್ಹೇಲನು ೧೯೩೧ರಲ್ಲಿ ನಿರ್ದೇಶಿಸಿದ ‘ಫ್ರಾಂಕೆನ್‌ಸ್ಟೈನ್’ ಚಿತ್ರದಲ್ಲಿ, ಹೆಣಗಳ ಅವಯವಗಳಿಂದ ಜೋಡಿಸಲ್ಪಟ್ಟ ವಿಕೃತ ಜೀವಿಯ ಪಾತ್ರವನ್ನು ಬೋರಿಸ್ ಕಾರ್ಲಾಫನು ವಹಿಸಿದ್ದನು. ಅದರಲ್ಲಿ ಒಂದು ಕೆರೆಯ ದಂಡೆಯ ಪ್ರಸಂಗವಿದೆ. ಎಲ್ಲರೂ ಕಂಡು ಚೀರಿ ಓಡುವ ಆ ಜೀವಿಯನ್ನು ಒಬ್ಬ ಚಿಕ್ಕ ಹುಡುಗಿ ಮಾತ್ರ ಆಟಕ್ಕೆ ಕರೆಯುತ್ತಾಳೆ. ಇಬ್ಬರೂ ನೀರಿನಲ್ಲಿ ಹೂಗಳನ್ನು ತೇಲಿಬಿಡುತ್ತಾರೆ. ಹೂಗಳು ತೀರಿದಾಗ, ಹೂವಿನಂತೆ ಇವಳೂ ತೇಲುವಳೆಂದು ತಿಳಿದು ಆ ಜೀವಿಯು ಹುಡುಗಿಯನ್ನು ಎತ್ತಿ ನೀರಿಗೆ ಹಾಕುತ್ತದೆ. ಅವಳು ಮುಳುಗಿದಾಗ ದಿಕ್ಕುಗೆಟ್ಟು ಓಡುತ್ತದೆ. ಪರೀಕ್ಷಕರು ಈ ದೃಶ್ಯಕ್ಕೆ ಕತ್ತರಿ ಹಾಕಿದರು. ಅದರ ಫಲವಾಗಿ ಎಷ್ಟೋ ವರ್ಷ ಪ್ರೇಕ್ಷಕರು ಕಂಡದ್ದು ಇಷ್ಟೇ: ಆ ಜೀವಿಯು ಹುಡುಗಿಯ ಕಡೆಗೆ ಕೈಚಾಚುತ್ತದೆ; ಮುಂದೆ ತಂದೆಯು ಅವಳ ಹೆಣವನ್ನು ಹೊತ್ತು ಬರುತ್ತಾನೆ. ನಡುವೆ ಏನು ನಡೆದಿರಬಹುದೆಂದು ಜನರು ಊಹಿಸಿದ್ದು, ನಿಜವಾಗಿ ನಡೆದುದಕ್ಕಿಂತ ಎಷ್ಟೋ ಪಾಲು ಹೊಲಸಾಗಿತ್ತು. ಲೋಕವನ್ನು ಭಯದಿಂದ ರಕ್ಷಿಸಹೊರಟ ಕತ್ತರಿಯು ಒಂದು ಅಜ್ಞಾನದ ತಪ್ಪನ್ನು ಘೋರ ಪಾತಕವನ್ನಾಗಿ ಮಾಡಿತು. ಕತ್ತರಿಸಿದ ಭಾಗವು ೧೯೮೦ರ ದಶಕದಲ್ಲಿ ಮರಳಿ ಸೇರಿತು. ಮನೆಯ ಹಿರಿಯರು ಈ ಸಂಗತಿಯನ್ನು ಲಕ್ಷ್ಯದಲ್ಲಿಟ್ಟುಕೊಳ್ಳಬೇಕು. ‘ಅದನ್ನು ನೋಡಬೇಡ’ ಎಂದು ಮಗುವಿನ ಕಣ್ಣನ್ನು ಮುಚ್ಚಿದಾಗ, ಮುಚ್ಚಿದ ಕಣ್ಣಿನ ಹಿಂದೆ ಮಗುವು ಏನನ್ನು ಚಿತ್ರಿಸಿಕೊಂಡಿತೆಂಬುದು ನಮಗೆ ಗೊತ್ತಾಗುವುದಿಲ್ಲ.

ಅದೇ ಚಿತ್ರದ ಕೊನೆಯಲ್ಲಿ ಊರ ಜನರೆಲ್ಲ ಪಂಜುಗಳನ್ನು ಹಿಡಿದು ಆ ಜೀವಿಯನ್ನು ಬೆನ್ನಟ್ಟಿ, ಗಾಳಿಗಿರಣಿಯೊಂದರಲ್ಲಿ ಸಿಕ್ಕಿಸಿ ಬೆಂಕಿ ಇಡುತ್ತಾರೆ. ಆರಂಭದಲ್ಲಿ ನಾವು ಆ ಜೀವಿಗೆ ಅಂಜಿದ್ದೆವು. ಈಗ ಪಂಜು ಹಿಡಿದವರಿಗೆ ಅಂಜುತ್ತೇವೆ. ಭಯದ ಆಲಂಬನವೇ ಬದಲಾಗುತ್ತದೆ. ಉತ್ತಮವಾದ ಭಯಾನಕ ಚಿತ್ರವು ಮಾಡತಕ್ಕ ಕೆಲಸವು ಇದೇ ಎಂದು ನಮಗೆ ತೋರುತ್ತದೆ.

ಹಾಗೆಂದು ಹಳೆಯವೆಲ್ಲವೂ ಒಳ್ಳೆಯವೆಂದು ಹೇಳಲಾಗದು. ಯಾರನ್ನು ತೋರಿಸಿ ನಮ್ಮನ್ನು ಹೆದರಿಸುತ್ತಾರೆ ಎಂಬ ಪ್ರಶ್ನೆಯನ್ನು ಪ್ರತಿಯೊಂದು ಚಿತ್ರಕ್ಕೂ ಹಾಕಬೇಕು. ಟಾಡ್ ಬ್ರೌನಿಂಗನು ೧೯೩೨ರಲ್ಲಿ ತೆಗೆದ ‘ಫ್ರೀಕ್ಸ್’ ಎಂಬ ಚಿತ್ರದಲ್ಲಿ ಕುಳ್ಳರು, ಕೈಕಾಲಿಲ್ಲದವರು ಮೊದಲಾದ ನಿಜವಾದ ಸರ್ಕಸ್ ಕಲಾವಿದರೇ ಪಾತ್ರವಹಿಸಿದ್ದರು. ಚಿತ್ರದ ಬಹುಭಾಗವು ಅವರ ಮಾನವೀಯತೆಯನ್ನು ಗೌರವದಿಂದ ತೋರಿಸುತ್ತದೆ. ಸುಂದರಾಂಗರೇ ಅಲ್ಲಿ ದುಷ್ಟರು. ಆದರೆ ಕೊನೆಗೆ ಅದೇ ಅಂಗವಿಕಲರನ್ನು ಮಳೆಯ ಕತ್ತಲೆಯಲ್ಲಿ ಕತ್ತಿ ಹಿಡಿದು ತೆವಳಿಸಿ ನಮ್ಮನ್ನು ಬೆಚ್ಚಿಬೀಳಿಸುತ್ತದೆ. ಬ್ರಿಟನ್ನಿನಲ್ಲಿ ಅದರ ಪ್ರದರ್ಶನಕ್ಕೆ ೧೯೬೩ರವರೆಗೂ ಅನುಮತಿ ದೊರೆಯಲಿಲ್ಲ. ಗೌರವವನ್ನು ಒಂದು ಕೈಯಿಂದ ಕೊಟ್ಟು ಮತ್ತೊಂದು ಕೈಯಿಂದ ಕಸಿದುಕೊಂಡ ಆ ಚಿತ್ರವನ್ನು ಮೆಚ್ಚುತ್ತಲೇ ನಾವು ನೊಂದುಕೊಳ್ಳಬೇಕು. ನಮ್ಮ ದೇಶದ ಚಿತ್ರಗಳಾದರೂ ಈ ದೋಷದಿಂದ ಮುಕ್ತವಾಗಿಲ್ಲ. ಬಿಳಿಯ ಸೀರೆ, ಕೆದರಿದ ಕೂದಲು, ಒಂಟಿ ಹೆಣ್ಣು, ಇಷ್ಟಾದರೆ ಪ್ರೇತವಾಯಿತು. ಬಿಳಿಯ ಸೀರೆಯು ಅನೇಕ ಮನೆಗಳಲ್ಲಿ ವಿಧವೆಯ ಉಡುಪಾಗಿತ್ತೆಂಬುದನ್ನು ನೆನೆದರೆ, ಬದುಕಿರುವಾಗ ಶುಭಕಾರ್ಯಗಳಿಂದ ದೂರವಿಟ್ಟವಳನ್ನೇ ಸತ್ತ ಮೇಲೆ ಭೂತವನ್ನಾಗಿ ಮಾಡಿದ್ದೇವೆಂಬ ಅರಿವು ಮನಸ್ಸನ್ನು ಚುಚ್ಚದೆ ಇರದು.

ಕನ್ನಡದಲ್ಲಿ ಈ ಜಾತಿಯ ಚಿತ್ರಗಳ ಪೈಕಿ ಜನಪ್ರಿಯವಾದದ್ದು ೧೯೭೯ರ ‘ನಾ ನಿನ್ನ ಬಿಡಲಾರೆ’. ಅನಂತನಾಗ ಹಾಗೂ ಲಕ್ಷ್ಮಿಯವರು ಅಭಿನಯಿಸಿದ ಆ ಚಿತ್ರಕ್ಕೆ ರಾಜನ್-ನಾಗೇಂದ್ರರ ಸಂಗೀತವಿತ್ತು. ೧೯೮೧ರಲ್ಲಿ ಅದು ‘ಮಂಗಲಸೂತ್ರ’ವೆಂದು ಹಿಂದಿಗೂ ಹೋಯಿತು. ಸತ್ತ ಹೆಣ್ಣಿನ ಅತೃಪ್ತ ಆತ್ಮವು ಗಂಡನ ಮೈಸೇರುತ್ತದೆ. ಹೆಂಡತಿಯ ನಿಷ್ಠೆ ಹಾಗೂ ಮಂತ್ರಾಲಯದ ರಾಘವೇಂದ್ರಸ್ವಾಮಿಗಳ ಮೇಲಿನ ಭಕ್ತಿ ಅವನನ್ನು ಉಳಿಸುತ್ತವೆ. ಇಲ್ಲಿ ಪ್ರೇತವು ಸುಳ್ಳಲ್ಲ, ಪರಿಹಾರವೂ ವೈದ್ಯನದಲ್ಲ. ಹಿರಿಯರ ಆಕ್ಷೇಪವು ಈ ಚಿತ್ರಕ್ಕೆ ತಟ್ಟುವುದೇ? ಒಂದು ಮಟ್ಟಿಗೆ ತಟ್ಟುತ್ತದೆ. ಆದರೆ ಇನ್ನೊಂದು ಮಾತನ್ನು ಮರೆಯಬಾರದು: ಮೈಮೇಲೆ ಬರುವುದು ಹೆಣ್ಣಿಗೇ ಮೀಸಲೆಂಬ ರೂಢಿಯನ್ನು ಮೀರಿ ಈ ಚಿತ್ರವು ಗಂಡಸನ್ನು ಆ ಸ್ಥಾನದಲ್ಲಿ ನಿಲ್ಲಿಸಿತು. ತನ್ನ ಮನಸ್ಸು ತನ್ನ ಕೈಮೀರಿದಾಗ ಮನುಷ್ಯನು ಎಷ್ಟು ದೀನನಾಗುವನೆಂಬುದನ್ನು ಅನಂತನಾಗರ ಅಭಿನಯದಲ್ಲಿ ಕಂಡವರು, ನೆರೆಮನೆಯಲ್ಲಿ ಹಾಗೆ ದೀನಳಾದ ಒಬ್ಬಳನ್ನು ಕಂಡಾಗ ಬೆತ್ತವನ್ನು ಹುಡುಕದೆ ಕೈಹಿಡಿದು ಆಸ್ಪತ್ರೆಗೆ ಕರೆದೊಯ್ದರೆ, ಆ ಚಿತ್ರವನ್ನು ನೋಡಿದುದು ಸಾರ್ಥಕ. ಭಕ್ತಿಯು ಧೈರ್ಯವನ್ನು ಕೊಡಲಿ. ಔಷಧದ ಸ್ಥಾನವನ್ನು ಅದು ಕಸಿದುಕೊಳ್ಳಬೇಕಾಗಿಲ್ಲ.

ಈಗ ಕಿರಿಯರ ಪಕ್ಷ. ಹಳೆಯ ಚಿತ್ರಗಳು ಇಂದು ಹೆದರಿಸುವುದಿಲ್ಲವೆಂಬುದು ನಿಜ. ಜಾತ್ರೆಯ ಬಯಲಿನ ಡೇರೆ ಟಾಕೀಜಿನಲ್ಲಿ, ಹಿಂದೆ ಯಂತ್ರವು ಗರಗುಟ್ಟುತ್ತಿರುವಾಗ ನೂರಾರು ಜನರು ಒಟ್ಟಿಗೆ ಉಸಿರು ಬಿಗಿಹಿಡಿದು ನೋಡುತ್ತಿದ್ದ ದೃಶ್ಯವನ್ನು, ಇಂದು ಅಂಗೈಯಗಲದ ಮೊಬೈಲಿನಲ್ಲಿ ಬಸ್ಸಿನ ಕಿಟಕಿಯ ಬೆಳಕಿನಲ್ಲಿ ನೋಡಿದರೆ ಅದು ಹೆದರಿಸುವುದಾದರೂ ಹೇಗೆ? ಆದರೆ ಬೆಚ್ಚಿಬೀಳಿಸುವುದು ಕಲೆಯ ಹೊರಗಣ ಸಿಪ್ಪೆ. ಅದು ಒಣಗಿ ಉದುರಿದ ಮೇಲೆ ಉಳಿಯುವ ತಿರುಳನ್ನು ನೋಡಬೇಕು. ಮುರ್ನಾವನು ೧೯೨೨ರಲ್ಲಿ ಜರ್ಮನಿಯಲ್ಲಿ ತೆಗೆದ ಮೂಕಪಟ ‘ನೋಸ್ಫೆರಾಟು’ವಿನಲ್ಲಿ ರಕ್ತಪಿಪಾಸುವಿನ ನೆರಳು ಮಾತ್ರ ಮೆಟ್ಟಿಲುಗಳನ್ನು ಏರುತ್ತದೆ. ಬ್ರ್ಯಾಮ್ ಸ್ಟೋಕರನ ‘ಡ್ರ್ಯಾಕುಲಾ’ ಕಾದಂಬರಿಯನ್ನು ಅನುಮತಿಯಿಲ್ಲದೆ ಬಳಸಿಕೊಂಡುದಕ್ಕಾಗಿ ಆತನ ವಿಧವೆಯು ದಾವೆ ಹೂಡಿ, ಚಿತ್ರದ ಪ್ರತಿಗಳನ್ನೆಲ್ಲ ನಾಶಪಡಿಸಬೇಕೆಂದು ೧೯೨೫ರಲ್ಲಿ ನ್ಯಾಯಾಲಯದ ಆಜ್ಞೆಯೂ ಆಯಿತು. ಆದರೂ ಕೆಲವು ಪ್ರತಿಗಳು ಉಳಿದವು. ಆ ನೆರಳು ಇನ್ನೂ ಮೆಟ್ಟಿಲೇರುತ್ತಲೇ ಇದೆ. ಮಹಾಯುದ್ಧದಲ್ಲಿ ಮಕ್ಕಳನ್ನು ಕಳೆದುಕೊಂಡ ಒಂದು ದೇಶವು ತನ್ನ ಮನೆಯ ಗೋಡೆಯ ಮೇಲೆ ಸಾವಿನ ನೆರಳನ್ನು ಕಂಡ ರೀತಿಯದು. ಆ ಜರ್ಮನಿಯಿಂದಲೇ ಬಂದು ಬಾಂಬೆ ಟಾಕೀಜನ್ನು ಸೇರಿದ ಛಾಯಾಗ್ರಾಹಕ ಜೋಸೆಫ್ ವಿರ್ಶಿಂಗನೇ ಮುಂದೆ ‘ಮಹಲ್’ ಚಿತ್ರದ ನೆರಳುಬೆಳಕುಗಳನ್ನು ಹೆಣೆದನು. ಸ್ವಾತಂತ್ರ್ಯ ಬಂದು ಎರಡು ವರ್ಷವಾಗಿದ್ದ ನಮ್ಮ ದೇಶದಲ್ಲಿ, ಪಾಳುಬಿದ್ದ ಹಳೆಯ ಮಹಾಲಿನಿಂದ ಹೊರಬರಲಾರದ ತರುಣನ ಕಥೆಗೆ ಆ ನೆರಳು ಒದಗಿಬಂದಿತು. ಒಂದು ಕಾಲದ ಜನರು ಏನನ್ನು ಬಯಸಿದರೆಂಬುದನ್ನು ಇತಿಹಾಸದ ಪುಸ್ತಕಗಳು ಹೇಳುತ್ತವೆ. ಏನಕ್ಕೆ ಅಂಜಿದರೆಂಬುದನ್ನು ತಿಳಿಯಲು ಇಂಥ ಚಿತ್ರಗಳನ್ನು ನೋಡಬೇಕು. ಅಜ್ಜನ ಅಂಜಿಕೆಯನ್ನು ಕಂಡು ನಗುವ ಮೊಮ್ಮಗನು ತನ್ನ ಅಂಜಿಕೆಗಳ ಪಟ್ಟಿಯನ್ನೊಮ್ಮೆ ಬರೆದು ನೋಡಿದರೆ ನಗೆಯು ತಾನಾಗಿಯೇ ಮೆತ್ತಗಾಗುವುದು.

ಹಾಗಾದರೆ ಈ ಚಿತ್ರಗಳನ್ನು ಮನೆಯಲ್ಲಿ ನೋಡುವ ಬಗೆ ಯಾವುದು? ಹಿರಿಯರು ಕಿರಿಯರೊಡನೆ ಕೂಡಿ ನೋಡಲಿ. ಎಳೆಯ ಮಕ್ಕಳ ವಿಷಯದಲ್ಲಿ ವಯಸ್ಸಿನ ವಿವೇಕವನ್ನು ಬಳಸಲಿ. ಮುಗಿದ ಮೇಲೆ ದೀಪ ಹಚ್ಚಿ ಎರಡು ಮಾತು ಆಡಲಿ. ನಾವು ಯಾರಿಗೆ ಅಂಜಿದೆವು? ಅವರು ಅಂಜಿಕೆಗೆ ಯೋಗ್ಯರಾಗಿದ್ದರೆ, ಕರುಣೆಗೆ ಯೋಗ್ಯರಾಗಿದ್ದರೆ? ಕಥೆಯು ಮುಗಿದಾಗ ನಮ್ಮ ಕೈಯಲ್ಲಿ ಪಂಜು ಇತ್ತೇ, ಇಲ್ಲವೆ ಕಣ್ಣಲ್ಲಿ ನೀರಿತ್ತೇ? ಈ ಪ್ರಶ್ನೆಗಳನ್ನು ಕೇಳಿಕೊಂಡ ಮನೆಯಲ್ಲಿ ಭೂತದ ಚಿತ್ರವು ಮೂಢನಂಬಿಕೆಯನ್ನು ಬೆಳೆಸಲಾರದು.

ಹಿಂದೆ ಇಂಡಿ ತಾಲೂಕಿನಲ್ಲಿಯೇ ಇದ್ದು ಈಗ ಚಡಚಣ ತಾಲೂಕಿಗೆ ಸೇರಿದ ಹಲಸಂಗಿಯ ಮಧುರಚೆನ್ನರು ತಮ್ಮ ಆತ್ಮಕಥನದ ಒಂದು ಭಾಗಕ್ಕೆ ‘ಕಾಳರಾತ್ರಿ’ಯೆಂದೂ ಅದರ ಮುಂದಿನದಕ್ಕೆ ‘ಬೆಳಗು’ ಎಂದೂ ಹೆಸರಿಟ್ಟರು. ರಾತ್ರಿಯನ್ನು ಬಿಟ್ಟು ಬೆಳಗಿನ ಕಥೆಯನ್ನಷ್ಟೇ ಅವರು ಹೇಳಲಿಲ್ಲ. ಜನ್ನನ ಕಾವ್ಯದಲ್ಲಿ ಬಲಿಗಂಬದೆದುರು ನಿಂತು ತನ್ನ ಕಥೆಯನ್ನು ಹೇಳಿ ಅರಸನ ಕತ್ತಿಯನ್ನು ಕೆಳಗಿಳಿಸಿದ ಬಾಲಕನ ಹೆಸರು ಅಭಯರುಚಿ. ಭಯದ ರುಚಿಯನ್ನು ಚೆನ್ನಾಗಿ ಅರಿತವನೇ ಅಭಯದ ರುಚಿಯನ್ನೂ ಅರಿಯುವನು. ಅರಿತ ಮೇಲೆ ಅದನ್ನು ಇತರರಿಗೂ ಕೊಡುವನು. ಹಳೆಯ ಭಯಾನಕ ಚಿತ್ರಗಳನ್ನು ಮೆಚ್ಚುವ ನಮ್ಮ ಮೆಚ್ಚುಗೆಯು, ನಮ್ಮ ಊರಿನಲ್ಲಿ ಅಂಜಿ ಕುಳಿತ ಒಂದು ಜೀವಕ್ಕೆ ಅಭಯವನ್ನೀಯುವವರೆಗೆ ಬೆಳೆಯಲಿ ಎಂದು ಹಾರೈಸುತ್ತೇವೆ.